ಇಂದಿನ ಧಮ್ಮ ಚಿಂತನೆ: ಪ್ರತಿಜ್ಞೆ ಮಾಡಿದ ಮನೆಯಲ್ಲಿ ಹಳೆಯ ಹಾಡಿನ ಪ್ಲೇಟು



ಬಂಧುಗಳೇ, ನಮ್ಮ ಬಳಗದ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನು ಇಂದು ವಿಚಾರ ಮಾಡೋಣ.

"ಜನವರಿ 26ಕ್ಕೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರ್ತೀವಿ. ಬಾಬಾಸಾಹೇಬರ ಫೋಟೋಗೆ ಹೂವು ಹಾಕಿ, ಸಂವಿಧಾನದ ಪೀಠಿಕೆ ಓದಿ, ಪಾಯಸದ ಊಟ ಮಾಡ್ತೀವಿ. ಆಮೇಲೆ ನಮ್ಮ ಯಜಮಾನರು ಹಳೇ ರೆಕಾರ್ಡ್ ಪ್ಲೇಯರ್ ತೆಗೀತಾರೆ. ಆ ಪ್ಲೇಟುಗಳು ಅಂದ್ರೆ ಅವರಿಗೆ ಪ್ರಾಣ. ಸಿನಿಮಾ ಹಾಡು ಮುಗಿದ ಮೇಲೆ ದೇವರನಾಮದ ಪ್ಲೇಟೂ ಹಾಕ್ತಾರೆ. 'ಪ್ರತಿಜ್ಞೆ ತಗೊಂಡ ಮನೇಲಿ ಇದು ಬೇಡಪ್ಪ' ಅಂತಾನೆ ಮಗ. 'ನಾನು ಹಾಡು ಕೇಳ್ತಿದ್ದೀನಿ, ಪೂಜೆ ಮಾಡ್ತಿಲ್ಲ' ಅಂತಾರೆ ಇವರು. ಹಬ್ಬದ ದಿನವೇ ಇಬ್ಬರೂ ಮಾತು ಬಿಡ್ತಾರೆ. ಯಾರದು ಸರಿ?"

*ತಂದೆಯ ಮಾತು*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೊದಲ ಮೂರು ಹಳೆಯ ದೇವರುಗಳನ್ನು ಕುರಿತವು. ಅವರನ್ನು ದೇವರೆಂದು ಒಪ್ಪುವುದಿಲ್ಲ, ಪೂಜಿಸುವುದಿಲ್ಲ ಎಂಬುದೇ ಅವುಗಳ ಸಾರ. ಅಲ್ಲಿರುವುದು ನಂಬಿಕೆ ಮತ್ತು ಪೂಜೆಯ ಮಾತು, ಕಿವಿಯ ಮಾತಲ್ಲ. ಭಗವಾನರೂ ಕರ್ಮವನ್ನು ಚೇತನಾದಿಂದ, ಅಂದರೆ ಮನಸ್ಸಿನ ಉದ್ದೇಶದಿಂದ ಅಳೆದರು.

ಸಂಗೀತವೇ ದೋಷವೆಂದು ಧಮ್ಮ ಹೇಳುವುದಿಲ್ಲ. ಗೃಹಸ್ಥರ ಪಂಚಶೀಲದಲ್ಲಿ ಹಾಡಿಗೆ ತಡೆಯಿಲ್ಲ. ಉಪೋಸಥದ ದಿನ ಅಷ್ಟಶೀಲ ತೆಗೆದುಕೊಂಡವರು ಆ ದಿನದ ಮಟ್ಟಿಗೆ ಹಾಡು, ಕುಣಿತ, ವಾದ್ಯಗಳನ್ನು ಬಿಡುತ್ತಾರೆ. ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖನೆಂಬವನು ಭಗವಾನರ ಎದುರು ವೀಣೆ ನುಡಿಸಿ ಹಾಡುತ್ತಾನೆ. ಅದರಲ್ಲಿ ಬುದ್ಧ, ಧಮ್ಮದ ಮಾತಿನ ಜೊತೆಗೆ ಹೆಣ್ಣಿನ ಮೇಲಿನ ಪ್ರೇಮವೂ ಬೆರೆತಿದೆ. ಭಗವಾನರು ಗದರಲಿಲ್ಲ, ತಂತಿಯ ನಾದವೂ ಹಾಡೂ ಒಂದನ್ನೊಂದು ಮೀರದೆ ಕೂಡಿದವೆಂದು ಮೆಚ್ಚಿದರು. ಬಾಬಾಸಾಹೇಬರೂ ಪಿಟೀಲು ಕಲಿಯಲು ಕುಳಿತವರು.

*ಮಗನ ಮಾತು*

ಹಾಗೆಂದು ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ಧಮ್ಮವನ್ನು ರಾಗ ಎಳೆದು ಹಾಡುವುದರಲ್ಲಿ ಐದು ಅಪಾಯಗಳಿವೆ ಎಂದು ಅಂಗುತ್ತರ ನಿಕಾಯದಲ್ಲಿ ಬರುತ್ತದೆ. ಹಾಡುವವನು ತನ್ನ ದನಿಗೆ ಮರುಳಾಗುತ್ತಾನೆ, ಕೇಳುವವರೂ ಮರುಳಾಗುತ್ತಾರೆ. ಕೊನೆಯ ಅಪಾಯ, ಮುಂದಿನ ಪೀಳಿಗೆ ಕಂಡದ್ದನ್ನೇ ಅನುಸರಿಸುತ್ತದೆ ಎಂಬುದು. ಧಮ್ಮದ ಮಾತಿಗೇ ಈ ಎಚ್ಚರಿಕೆ ಇರುವಾಗ, ನಾವು ಬಿಟ್ಟು ಬಂದ ದೇವರ ಹಾಡಿಗೆ ಇನ್ನೆಷ್ಟು ಎಚ್ಚರ ಬೇಕು! ಏಳು ವರ್ಷದ ಮೊಮ್ಮಗಳಿಗೆ ಅಜ್ಜನ ಉದ್ದೇಶ ಕಾಣುವುದಿಲ್ಲ. ಬಾಬಾಸಾಹೇಬರ ಫೋಟೋ ಮುಂದೆ ದೇವರ ಹಾಡು ಕೇಳಿಬರುತ್ತದೆ, ಅಜ್ಜ ಕಣ್ಣುಮುಚ್ಚಿ ತಲೆದೂಗುತ್ತಾರೆ. ಅವಳು ಕಲಿಯುವುದು ಅದನ್ನು.

*ಆ ಪ್ರೀತಿ ಎಲ್ಲಿಂದ ಬಂತು?*

ಮಗನೂ ಒಂದು ವಿಷಯ ತಿಳಿಯಬೇಕು. ಉತ್ಸವಕ್ಕೆ ತಮಟೆ ಬಡಿದವರು ನಮ್ಮವರು. ಗುಡಿಯ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದೂ ನಮ್ಮವರನ್ನೇ. ಒಳಗಿನ ಹಾಡು ದೂರ ನಿಂತವರಿಗೆ ಅರ್ಧಂಬರ್ಧ ಕೇಳುತ್ತಿತ್ತು. ರೆಕಾರ್ಡು ಮನೆಗೆ ಬಂದಾಗ ಅದೇ ಹಾಡು ಪೂರ್ತಿ ಕೇಳಿತು. ಸೂಜಿ ಯಾರ ಜಾತಿಯನ್ನೂ ವಿಚಾರಿಸಲಿಲ್ಲ. ನಮ್ಮ ದುಡಿಮೆಯ ದುಡ್ಡು, ನಮ್ಮ ಮನೆ, ಯಾರ ಅಪ್ಪಣೆಯೂ ಬೇಕಿಲ್ಲ. ಹಿರಿಯರ ಆ ಪ್ರೀತಿಯಲ್ಲಿ ಭಕ್ತಿಗಿಂತ ಸ್ವಾಭಿಮಾನವೇ ಹೆಚ್ಚಿರಬಹುದು. ಕೇಳದೆಯೇ "ಬಿಸಾಕಿ" ಎನ್ನುವುದು ಮೈತ್ರಿಯಲ್ಲ.

ಪ್ಲೇಟಿನಲ್ಲಿ ಇನ್ನೊಂದು ಗುಣವೂ ಇದೆ. ಒಂದು ಮಗ್ಗುಲು ಸುಮಾರು 20 ನಿಮಿಷ ಓಡಿ ನಿಲ್ಲುತ್ತದೆ. ಯಾರಾದರೂ ಎದ್ದು ತಿರುಗಿಸಬೇಕು. ಎಲ್ಲರೂ ಕುಳಿತು ಒಂದೇ ಹಾಡು ಕೇಳುತ್ತಾರೆ. ಮೊಬೈಲಿನಲ್ಲಾದರೆ ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಡು. ಆದರೆ ಪ್ರತಿ ಸಲ ಸೂಜಿ ಓಡಿದಾಗಲೂ ಪ್ಲೇಟಿನ ಗೆರೆ ಒಂದಿಷ್ಟು ಸವೆಯುತ್ತದೆ. ಅನಿತ್ಯ ಎಂದರೆ ಇದೇ. ಮೊಮ್ಮಗಳ ಕೈ ತಾಗಿ ಪ್ಲೇಟಿಗೆ ಗೀರು ಬಿತ್ತು ಎಂದುಕೊಳ್ಳಿ. ಬೇಸರವಾದರೆ ಅದು ಪ್ರೀತಿ. ಮಗುವಿನ ಮೇಲೆ ಕೈ ಎದ್ದರೆ ಅದು ಉಪಾದಾನ, ಬಿಡಲಾರದ ಅಂಟು.

*ಹಾಗಾದರೆ ಏನು ಮಾಡಬೇಕು?*

ಜನವರಿ 26 ನಮಗೆ ಬರಿಯ ಸರ್ಕಾರಿ ರಜೆಯಲ್ಲ. 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನ ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅಸ್ಪೃಶ್ಯತೆ ಕಾನೂನಿನಲ್ಲಿ ರದ್ದಾಗಿದ್ದು ಅದರ 17ನೇ ವಿಧಿಯಿಂದ. ಹಾಗಾಗಿ ಅಂದು ಬಾಬಾಸಾಹೇಬರ ಮುಂದೆ ಎಲ್ಲರೂ ಸೇರಿ ಕೇಳುವ ಹಾಡು ಆ ದಿನಕ್ಕೆ ಒಪ್ಪುವಂತಿರಲಿ. ದೇವರನಾಮ ಅಂದು ಬೇಡ. ಇದರಲ್ಲಿ ಮಗ ಸರಿ.

ಪ್ಲೇಟನ್ನು ಒಡೆಯುವುದೂ ಬೇಡ, ಮಾರುವುದೂ ಬೇಡ. ಬೇರೆ ದಿನ ತಂದೆ ಕೇಳಲಿ. ಮೊಮ್ಮಕ್ಕಳು ಪಕ್ಕದಲ್ಲಿದ್ದರೆ ಬಾಯಿಬಿಟ್ಟು ಹೇಳಲಿ: "ಈ ದನಿ ನನಗಿಷ್ಟ ಕಂದಾ. ಈ ದೇವರ ಗುಡಿಗೆ ನಮ್ಮ ತಾತನನ್ನು ಬಿಡಲಿಲ್ಲ. ನಾನು ಹಾಡು ಕೇಳ್ತೀನಿ, ಕೈ ಮುಗಿಯೋದಿಲ್ಲ." ಇಷ್ಟು ಹೇಳಿದರೆ ಹಾಡಿನ ಜೊತೆಗೆ ಚರಿತ್ರೆಯೂ ಮಗುವಿಗೆ ತಲುಪುತ್ತದೆ. ಹೇಳಲು ನಾಲಿಗೆ ತಡವರಿಸಿದರೆ, ಮನಸ್ಸಿನಲ್ಲಿ ಹಳೆಯದು ಇನ್ನೂ ಉಳಿದಿದೆ ಎಂದು ತಂದೆಯೇ ತಿಳಿದುಕೊಳ್ಳಬಹುದು.

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧರ ಬೋಧನೆಯಿಂದ ಎಂದು ಬಾಬಾಸಾಹೇಬರು 1954ರ ರೇಡಿಯೋ ಭಾಷಣದಲ್ಲಿ ಹೇಳಿದರು. ಬೆಳಗ್ಗೆ ಭ್ರಾತೃತ್ವದ ಮಾತು ಓದಿ ಮಧ್ಯಾಹ್ನ ಅಪ್ಪ ಮಗ ಮಾತು ಬಿಟ್ಟರೆ, ಓದಿದ್ದು ಬಾಯಿಪಾಠವಾಯಿತಷ್ಟೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ನಿಮಗೆ ತುಂಬ ಪ್ರಿಯವಾದ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಕೇಳಿಕೊಳ್ಳಿ.
1. ಇದರಿಂದ ಮನೆಯವರ ನಡುವೆ ಬೆಳೆಯುತ್ತಿರುವುದು ಮೈತ್ರಿಯೋ, ಕೋಪವೋ?
2. ಇದನ್ನು ನೋಡಿ ಮಕ್ಕಳು ಏನು ಕಲಿಯುತ್ತಿದ್ದಾರೆ?
3. ನಾಳೆ ಇದು ಒಡೆದುಹೋದರೆ ನನ್ನ ಮನಸ್ಸು ಸಮಕ್ಕೆ ಬರಲು ಎಷ್ಟು ಹೊತ್ತು ಬೇಕು?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ 🙏