ನೋಡೋಕೆ ಎಷ್ಟು ಬೆಳಕು ಬೇಕು?

1665ರಲ್ಲಿ ರಾಬರ್ಟ್ ಹುಕ್ ಕಾರ್ಕ್‌ನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಕಂಡ ಪುಟ್ಟ ಗೂಡುಗಳನ್ನು ‘ಸೆಲ್’ ಅಂತ ಕರೆದ. ಅವನಿಗೆ ಕಂಡದ್ದು ಸತ್ತ ಕೋಶಗಳ ಗೋಡೆ ಮಾತ್ರ, ಬಾಡಿಗೆಯವರೆಲ್ಲ ಖಾಲಿ ಮಾಡಿ ಹೋದ ವಠಾರದ ಹಾಗೆ. ಸತ್ತದ್ದನ್ನು ನೋಡೋದು ಸುಲಭ. ನೋಡುತ್ತಿದ್ದೇವೆ ಅಂತ ಅದು ಬದಲಾಗಲ್ಲ.

ಬದುಕಿರುವ ಕೋಶದ ಒಳಗೆ ಎಲ್ಲವೂ ಓಡಾಡುತ್ತಿರುತ್ತೆ. ಅದನ್ನು ನೋಡಲು ವಿಜ್ಞಾನಿಗಳು ಒಂದು ಜೆಲ್ಲಿ ಮೀನಿನ ಹೊಳೆಯುವ ಪ್ರೋಟೀನನ್ನು, ಅಂದರೆ ಜಿಎಫ್‌ಪಿಯನ್ನು, ಸಾಲ ತಂದರು. 2008ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂತು. ಇದರ ಜೀನನ್ನು ಗಿಡಕ್ಕೆ ಸೇರಿಸಿ, ನೀಲಿ ಲೇಸರ್ ಬಿಟ್ಟರೆ, ಬೇಕಾದ ಭಾಗ ಮಾತ್ರ ಹಸಿರಾಗಿ ಬೆಳಗುತ್ತೆ.

ತೊಡಕು ಇರೋದು ಇಲ್ಲೇ. ಗಿಡಕ್ಕೆ ಬೆಳಕು ಅಂದರೆ ಊಟ, ಸುದ್ದಿ ಎರಡೂ. ನೀಲಿ ಬೆಳಕು ಜೋರಾಗಿ ಬಿದ್ದರೆ ಫೋಟೋಟ್ರೋಪಿನ್ ಎಂಬ ಪ್ರೋಟೀನುಗಳು ಅದನ್ನು ಗುರುತಿಸುತ್ತವೆ, ಕ್ಲೋರೋಪ್ಲಾಸ್ಟ್‌ಗಳು ಪಕ್ಕದ ಗೋಡೆಗೆ ಸರಿದು ತಪ್ಪಿಸಿಕೊಳ್ಳುತ್ತವೆ. ಬೆಳಕು ಇನ್ನೂ ಹೆಚ್ಚಾದರೆ ಕೋಶ ಸಾಯಲೂಬಹುದು. ಅದು ತನ್ನ ಪಾಡಿಗೆ ಏನು ಮಾಡುತ್ತೆ ಅಂತ ನೋಡಲು ಹೋದವರಿಗೆ, ನಮ್ಮನ್ನು ಕಂಡು ಏನು ಮಾಡಿತು ಅನ್ನೋದು ಸಿಗುತ್ತೆ. ದಿನಕ್ಕೆ ಹತ್ತು ಸಲ ಸ್ಟೇಟಸ್ ಕೇಳುವ ಮ್ಯಾನೇಜರಿಗೆ ಸಿಗೋದೂ ಇಂಥದೇ ಮಾಹಿತಿ.

ಒಂದು ಎಲೆಯ ಕೋಶ ಸತ್ತರೆ ಏನೀಗ, ದಿನಾ ಕಟ್ಟುಗಟ್ಟಲೆ ಸೊಪ್ಪು ಹೆಚ್ಚಿ ಸಾರು ಮಾಡಲ್ವಾ ಅಂತ ನೀವು ಕೇಳಬಹುದು. ಸರಿಯೇ. ಕೋಶದ ನೋವಿನ ಬಗ್ಗೆ ನನ್ನ ವಾದ ಇಲ್ಲ. ನನ್ನ ಪ್ರಶ್ನೆ ನೋಡುವವರ ಪ್ರಾಮಾಣಿಕತೆಯದ್ದು. ಹೆಚ್ಚು ಬೆಳಕು ಸುರಿದರೆ ಚಿತ್ರ ಝಗಮಗಿಸುತ್ತೆ. ನೋಡಿದವರು ವಾಹ್ ಅಂತಾರೆ. ಆದರೆ ಅದು ಗಾಬರಿಬಿದ್ದ ಕೋಶದ ಚಿತ್ರ ಅನ್ನೋದು ಚಿತ್ರದಲ್ಲಿ ಬರೆದಿರಲ್ಲ.

ಅದಕ್ಕೇ ನನಗೆ ಲೈಟ್ ಶೀಟ್ ಸೂಕ್ಷ್ಮದರ್ಶಕ ಇಷ್ಟ. ಅದು ಪಕ್ಕದಿಂದ ಹಾಳೆಯಷ್ಟು ತೆಳುವಾದ ಬೆಳಕು ಕಳಿಸುತ್ತೆ. ನೋಡುತ್ತಿರುವ ಪದರ ಬಿಟ್ಟು ಉಳಿದದ್ದು ಹೆಚ್ಚುಕಡಿಮೆ ಕತ್ತಲಲ್ಲೇ ಇರುತ್ತೆ. ಅದರ ಜೊತೆಗೂ ಸಂಯಮ ಬೇಕು: ಲೇಸರ್ ತಗ್ಗಿಸಬೇಕು, ಚಿತ್ರಗಳ ನಡುವೆ ಬಿಡುವು ಕೊಡಬೇಕು, ಬೆಳಕು ಬೀಳದ ಇನ್ನೊಂದು ಸಸಿ ಬೆಳೆಸಿ ಎರಡೂ ಒಂದೇ ಥರ ಬೆಳೆದವಾ ಅಂತ ಹೋಲಿಸಬೇಕು. ಹೀಗೆ ತೆಗೆದ ಚಿತ್ರ ಸ್ವಲ್ಪ ಮಸುಕಾಗಿ, ಕಾಳುಕಾಳಾಗಿ ಬರಬಹುದು.

ಊರಲ್ಲಿ ಬಿತ್ತಿದ ಬೀಜ ಮೊಳೆತಿದೆಯಾ ಅಂತ ಯಾರೂ ದಿನಾ ಮಣ್ಣು ಕೆದಕಲ್ಲ. ಅವರಿಗೇನು ಕುತೂಹಲ ಕಡಿಮೆಯಾ? ಇಲ್ಲ, ಬೇಕಿರೋದು ಬೆಳೆ. ನಿಜ ತಿಳಿಯಬೇಕು ಅನ್ನೋರು ಕಣ್ಣಿಗೆ ಸ್ವಲ್ಪ ಕಡಿಮೆ ಕಂಡರೂ ಒಪ್ಪಿಕೊಳ್ಳಬೇಕಾಗುತ್ತೆ.