ನೆಲ ಸೋಕುವ ಮುನ್ನ

ಮುಗ್ಗರಿಸಿ ಮುಂದಕ್ಕೆ ಬೀಳುವವರ ಕೈ ನೆಲ ಮುಟ್ಟುವ ಮೊದಲೇ ತೋಳಿನ ಹಿಂಬದಿಯ ಸ್ನಾಯು ಕೆಲಸ ಶುರು ಮಾಡಿರುತ್ತದೆ. ನೆಲ ಇನ್ನೂ ಸಿಕ್ಕಿಲ್ಲ, ಪೆಟ್ಟು ಇನ್ನೂ ಬಿದ್ದಿಲ್ಲ. ಆದರೂ ಮೊಣಕೈ ಬರಲಿರುವುದಕ್ಕೆ ತಯಾರಾಗಿರುತ್ತದೆ. ಡೀಟ್ಸ್, ನೋಥ್ ಮತ್ತು ಶ್ಮಿಟ್‌ಬ್ಲೈಷರ್ ಎಂಬ ಮೂವರು ವಿಜ್ಞಾನಿಗಳು ಹೀಗೆ ಬಿದ್ದು ಕೈ ಊರುವವರ ತೋಳಿನ ಸ್ನಾಯುಗಳಲ್ಲಿನ ವಿದ್ಯುತ್ ಚಟುವಟಿಕೆಯನ್ನು ಅಳೆದು 1981ರಲ್ಲಿ ಇದನ್ನು ದಾಖಲಿಸಿದರು. ಇದನ್ನು ಓದಿದ ಮೇಲೆ ನನಗೆ ಮೊಣಕೈಯನ್ನು ಬರೀ ಬಾಗುವ ಕೀಲು ಎಂದುಕೊಳ್ಳಲು ಆಗಿಲ್ಲ. ಇನ್ನೂ ಆಗದೇ ಇರುವುದನ್ನು ಎದುರುಗೊಳ್ಳಲು ಅಣಿಯಾಗುವ ಗುಣವನ್ನು ನಾವು ಮನಸ್ಸಿಗೆ, ಬುದ್ಧಿಗೆ ಕೊಡುತ್ತೇವೆ. ಅದು ಮೂಳೆ, ಮಾಂಸ, ನರಗಳ ಈ ಸಣ್ಣ ಸಂಧಿಯಲ್ಲೂ ಇದೆ.

ಈ ಅಚ್ಚರಿಯನ್ನು ಕಣ್ಣಾರೆ ನೋಡಬೇಕೆಂದರೆ ಟ್ರಯಲ್ಸ್ ಸೈಕಲ್ ತುಳಿಯುವವರನ್ನು ನೋಡಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ, ಜಿಗಣಿಯ ಕಡೆ ಹೋದರೆ ಇನ್ನೂ ಮನೆ ಏಳದ ಲೇಔಟ್‌ಗಳಿವೆ. ಮೋರಿಗೆಂದು ತಂದಿಟ್ಟ ಸಿಮೆಂಟ್ ರಿಂಗ್‌ಗಳು, ಕಾರ್ಖಾನೆಗಳಿಂದ ಹೊರಬಿದ್ದ ಮರದ ಪ್ಯಾಲೆಟ್‌ಗಳು, ಜೆಸಿಬಿ ಅಗೆದು ಬದಿಗೆ ತಳ್ಳಿದ ಕಲ್ಲುಗಳು ಅಲ್ಲಲ್ಲಿ ಬಿದ್ದಿರುತ್ತವೆ. ಬೇರೆಯವರಿಗೆ ಅಡ್ಡಿಯಾಗಿ ಕಾಣುವ ಇವೆಲ್ಲ ಟ್ರಯಲ್ಸ್ ಸವಾರನಿಗೆ ದಾರಿ. ಅವನ ಸೈಕಲ್ಲಿಗೆ ಸೀಟು ಇರುವುದಿಲ್ಲ, ಏಕೆಂದರೆ ಅವನು ಕೂರುವುದೇ ಇಲ್ಲ. ಫ್ರೇಮು ತಗ್ಗು, ಗೇರು ಹಗುರ, ಟೈರಿನಲ್ಲಿ ಗಾಳಿ ಕಡಿಮೆ, ಬ್ರೇಕು ಒಂದೇ ಬೆರಳಿಗೆ ಕಚ್ಚಿ ಹಿಡಿಯುವಷ್ಟು ಚೂಪು. ಕಾಲು ನೆಲಕ್ಕೆ ಊರದೆ ಕಲ್ಲಿನಿಂದ ಕಲ್ಲಿಗೆ ಹಾರುವುದು ಆಟ. ಇಲ್ಲಿ ಗೆಲ್ಲುವುದಕ್ಕೆ ವೇಗ ಬೇಕಿಲ್ಲ, ನಿಲುವು ಬೇಕು.

ನಾನು ನೋಡಿದ ಒಬ್ಬ ಹುಡುಗ ನಾಲ್ಕು ಪ್ಯಾಲೆಟ್ ಪೇರಿಸಿ ಅದರ ಮೇಲೆ ನಿಂತಿದ್ದ. ಎತ್ತರ ಸುಮಾರು 60 ಸೆಂಟಿಮೀಟರ್, ಅವನ ಮಂಡಿಗಿಂತ ಸ್ವಲ್ಪ ಮೇಲೆ. ಎರಡೂ ಬ್ರೇಕ್ ಹಿಡಿದು, ಸೈಕಲ್ಲನ್ನು ನಿಂತಲ್ಲೇ ಕುಪ್ಪಳಿಸಿ, ಹಿಂದಿನ ಚಕ್ರದ ಮೇಲೆ ಎದ್ದು ಅಂಚಿನಿಂದ ಹಾರಿದ. ಹಿಂದಿನ ಟೈರು ಮೊದಲು ನೆಲಕ್ಕೆ ಬಿದ್ದು ಚಪ್ಪಟೆಯಾಯಿತು. ಮಂಡಿಗಳು ಮಡಿಚಿಕೊಂಡವು, ಸೊಂಟ ಹಿಂದಕ್ಕೆ ಜಾರಿತು. ಕೊನೆಗೆ ಮುಂದಿನ ಚಕ್ರ ಇಳಿದಾಗ ಹೊರಕ್ಕೆ ಚಾಚಿದ್ದ ಮೊಣಕೈಗಳು ಬಾಗಿ, ಎದೆ ಹ್ಯಾಂಡಲ್‌ನ ಹತ್ತಿರಕ್ಕೆ ಬಂದು ನಿಂತಿತು. ಇಡೀ ಇಳಿತದಲ್ಲಿ ದಡಾರ್ ಎನ್ನುವ ಸದ್ದೇ ಇರಲಿಲ್ಲ. ಪಕ್ಕದಲ್ಲಿ ಕಲಿಯುತ್ತಿದ್ದ ಇನ್ನೊಬ್ಬ ಅದೇ ಎತ್ತರದಿಂದ ಕೈ ನೆಟ್ಟಗೆ ಬಿಗಿದು ಇಳಿದ. ಪ್ಯಾಲೆಟ್ಟಿನ ಹಲಗೆ ಅದುರಿತು, ಅವನು ಕೈ ಕೊಡವಿಕೊಂಡು ಮೊಣಕೈ ಉಜ್ಜಿಕೊಂಡ.

ಇಬ್ಬರ ನಡುವಿನ ಅಂತರವನ್ನು ಲೆಕ್ಕ ಹಾಕಿ ನೋಡಬಹುದು. 60 ಸೆಂಟಿಮೀಟರ್ ಬೀಳಲು ಹಿಡಿಯುವುದು ಸೆಕೆಂಡಿನ ಮೂರನೇ ಒಂದು ಭಾಗ. ಹಾಗೆ ಬಿದ್ದ ದೇಹ 5 ಸೆಂಟಿಮೀಟರಿನೊಳಗೆ ನಿಂತುಬಿಟ್ಟರೆ, ನಿಲ್ಲಿಸುವ ಬಲ ಸರಾಸರಿ ಅದರ ತೂಕದ ಹದಿಮೂರು ಪಟ್ಟು. ಅದೇ ದೇಹ 30 ಸೆಂಟಿಮೀಟರ್ ತಗ್ಗುತ್ತಾ ನಿಂತರೆ ಮೂರೇ ಪಟ್ಟು. ಎತ್ತರ ಅದೇ, ತೂಕ ಅದೇ, ಭೂಮಿಯ ಸೆಳೆತವೂ ಅದೇ. ಬದಲಾಗಿದ್ದು ನಿಲ್ಲಲು ಕೊಟ್ಟ ಜಾಗ ಮಾತ್ರ. ಕಟ್ಟಡದ ಕೆಲಸದಲ್ಲಿ ಕೆಳಗಿನವರು ಎಸೆದ ಇಟ್ಟಿಗೆಯನ್ನು ಮೇಲಿನವರು ಕೈಯನ್ನು ಇಟ್ಟಿಗೆಯ ಜೊತೆಗೇ ಒಂದಿಷ್ಟು ಸಾಗಲು ಬಿಟ್ಟು ಹಿಡಿಯುತ್ತಾರಲ್ಲ, ಮೊಣಕೈ ಮಾಡುವುದೂ ಅದನ್ನೇ. ಅದು ಹಿಡಿಯುತ್ತಿರುವುದು ತನ್ನದೇ ದೇಹವನ್ನು.

ಕಾಲದ ಲೆಕ್ಕ ಇನ್ನೂ ಬೆರಗಿನದು. 5 ಸೆಂಟಿಮೀಟರಿನಲ್ಲಿ ನಿಲ್ಲುವ ಇಳಿತ ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಪೆಟ್ಟು ಬಿತ್ತು ಎಂಬ ಸುದ್ದಿ ತೋಳಿನಿಂದ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಮರಳಿ, ಸ್ನಾಯು ನಿಜಕ್ಕೂ ಬಲ ಹಾಕುವ ಹೊತ್ತಿಗೆ ಅದಕ್ಕಿಂತ ಹೆಚ್ಚು ಸಮಯ ಕಳೆದಿರುತ್ತದೆ. ಮೊದಲ ಏಟಿಗೆ ಪ್ರತಿಕ್ರಿಯೆ ಎನ್ನುವುದು ಸಾಧ್ಯವೇ ಇಲ್ಲ, ಸಿದ್ಧತೆಯೊಂದೇ ಸಾಧ್ಯ. ದೇಹಕ್ಕೆ ಈ ಸತ್ಯ ಗೊತ್ತು. ಅದಕ್ಕೇ ಅದು ನೆಲಕ್ಕಾಗಿ ಕಾಯದೆ ಕಣ್ಣು ಅಳೆದು ಕೊಟ್ಟ ದೂರವನ್ನು ನಂಬಿ ಮೊದಲೇ ಬಿಗಿಯುತ್ತದೆ. ಕತ್ತಲಲ್ಲಿ ಮೆಟ್ಟಿಲು ಇನ್ನೂ ಒಂದಿದೆ ಎಂದುಕೊಂಡು ಕಾಲಿಟ್ಟಾಗ ಮೈಯೆಲ್ಲ ಅದುರಿದಂತೆ ಅನಿಸುವುದು ಆ ನಂಬಿಕೆ ತಪ್ಪಿದ್ದರಿಂದ. ಹಾಗಾಗಿ ಮೊಣಕೈಯ ರಕ್ಷಣೆ ಕಣ್ಣಿನಿಂದ ಶುರುವಾಗುತ್ತದೆ. ಇಳಿಯುವ ಜಾಗವನ್ನು ಮೊದಲೇ ನೋಡಿಟ್ಟುಕೊಂಡವನ ತೋಳಿಗೆ ಸರಿಯಾದ ಹೊತ್ತು ಸಿಗುತ್ತದೆ. ಕೊನೆ ಗಳಿಗೆಯಲ್ಲಿ ಹೆದರಿ ಮುಂದಿನ ಚಕ್ರವನ್ನೇ ದಿಟ್ಟಿಸಿದವನಿಗೆ ಅದು ತಪ್ಪಿಹೋಗುತ್ತದೆ.

ಮೊಣಕೈಯ ರಚನೆಯೂ ಈ ಕತೆಯನ್ನು ಹೇಳುತ್ತದೆ. ಮುಂಗೈಯ ಎರಡು ಮೂಳೆಗಳಲ್ಲಿ ಒಂದರ ತುದಿ ಕೊಕ್ಕೆಯಂತೆ ಬಾಗಿದೆ. ಕೈಯನ್ನು ಪೂರ್ತಿ ನೀಡಿದಾಗ ಆ ಕೊಕ್ಕೆ ತೋಳಿನ ಮೂಳೆಯ ಹಿಂದಿರುವ ಗುಳಿಯಲ್ಲಿ ಹೋಗಿ ಕೂರುತ್ತದೆ. ಬಾಗಿಲಿಗೆ ಒರಗುವಾಗ, ಗಾಡಿ ತಳ್ಳುವಾಗ ಈ ಬೀಗ ಒಳ್ಳೆಯದೇ, ಸ್ನಾಯುವಿಗೆ ದಣಿವಿಲ್ಲ. ಆದರೆ ಹಾರಿ ಇಳಿಯುವಾಗ ಬೀಗ ಬಿದ್ದಿದ್ದರೆ ಆಘಾತ ಅಂಗೈಯಿಂದ ಭುಜದವರೆಗೆ ಮೂಳೆಯಿಂದ ಮೂಳೆಗೆ ನೇರ ದಾಟುತ್ತದೆ. ಸ್ವಲ್ಪ ಬಾಗಿದ್ದರೆ ಸಾಕು, ತೋಳಿನ ಹಿಂಬದಿಯ ಸ್ನಾಯು ಬಲ ಹಾಕುತ್ತಲೇ ಉದ್ದವಾಗುತ್ತಾ ಆ ಶಕ್ತಿಯನ್ನು ಮೆಲ್ಲಗೆ ನುಂಗಿಕೊಳ್ಳುತ್ತದೆ. ಬಿಗಿಯೂ ಬೇಕು, ಬಾಗೂ ಬೇಕು. ಪೂರ್ತಿ ಸಡಿಲ ಬಿಟ್ಟರೆ ಮುಖ ಹ್ಯಾಂಡಲ್‌ಗೆ ಬಡಿಯುತ್ತದೆ.

ಇದು ಸೈಕಲ್ಲಿಗಷ್ಟೇ ಸೀಮಿತವಲ್ಲ. ಕೋಲಾರದ ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ. ನಾಲ್ಕು ವರ್ಷಗಳ ನಂತರ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮರಳು, ಕಲ್ಲು, ದಿಬ್ಬಗಳ ಮೇಲೆ ದಿನಗಟ್ಟಲೆ ಮೋಟಾರ್‌ಸೈಕಲ್ ಓಡಿಸುವ ಈ ಜಗತ್ತಿನಲ್ಲೂ ಮಣ್ಣಿನ ಮೊದಲ ಪಾಠ ಅದೇ: ಎದ್ದು ನಿಲ್ಲು, ಮಂಡಿ ಸಡಿಲ ಇರಲಿ, ಮೊಣಕೈ ಹೊರಗೆ. ಹೊರಗೆ ಏಕೆಂದರೆ, ಪಕ್ಕೆಗೆ ಅಂಟಿದ ಮೊಣಕೈಗೆ ಬಾಗಲು ಜಾಗವಿಲ್ಲ. ಆಗ ಮಣಿಕಟ್ಟು ಬಾಗಿ ಆ ಭಾರ ಹೊರುತ್ತದೆ.

ಮೊಣಕೈ ನೋವಿಗೆ ಇನ್ನೊಂದು ಮೂಲವಿದೆ, ಅದು ಕೈಯ ಮುಷ್ಟಿ. ಓದುತ್ತಿರುವವರು ಇದನ್ನು ಈಗಲೇ ನೋಡಬಹುದು. ಎಡಗೈ ಬೆರಳನ್ನು ಬಲ ಮೊಣಕೈಯ ಹೊರಗಿನ ಗುಬುಟಿಗಿಂತ ಎರಡು ಬೆರಳು ಕೆಳಗಿಟ್ಟು ಬಲಗೈ ಮುಷ್ಟಿ ಬಿಗಿಯಿರಿ. ಬೆರಳಡಿ ಮಾಂಸ ಗಟ್ಟಿಯಾಗಿ ಉಬ್ಬುತ್ತದೆ. ಹಿಡಿದದ್ದು ಅಂಗೈಯಾದರೂ ದುಡಿಯುತ್ತಿರುವುದು ಮುಂಗೈ, ಆ ದುಡಿಮೆಯ ಎಳೆತ ಬಂದು ಸೇರುವುದು ಮೊಣಕೈಯ ಆ ಸಣ್ಣ ಗುಬುಟಿಗೆ. ಹ್ಯಾಂಡಲ್ಲನ್ನು ಪ್ರಾಣವೇ ಹೋಗುವಂತೆ ಹಿಡಿದು ನೂರು ಸಲ ಇಳಿದರೆ ನೂರು ಸಲ ಸ್ನಾಯುವನ್ನು ಆ ಗುಬುಟಿಗೆ ಕಟ್ಟಿರುವ ಸ್ನಾಯುರಜ್ಜುವಿಗೆ ಜಗ್ಗಾಟ. ಅದಕ್ಕೇ ಅನುಭವಿಗಳು ಹಿಡಿತ ಹಗುರವಿಡುತ್ತಾರೆ, ಬ್ರೇಕಿಗೆ ಒಂದೇ ಬೆರಳು ಕೊಡುತ್ತಾರೆ, ಮುಂಗೈ ಮತ್ತು ಮಣಿಕಟ್ಟು ಒಂದೇ ಗೆರೆಯಲ್ಲಿರುವಂತೆ ಲಿವರ್‌ನ ಓರೆಯನ್ನು ತಿದ್ದಿಕೊಳ್ಳುತ್ತಾರೆ. ಅಂಗೈಗೆ ಹೊಂದುವ ದಪ್ಪದ ಗ್ರಿಪ್ ಹಾಕಿಸುತ್ತಾರೆ. ಹೆಚ್ಚಿನ ಭಾರ ಕಾಲಿಗೆ, ಉಳಿದದ್ದು ಕೈಗೆ ಎಂದು ಹಂಚುತ್ತಾರೆ. ಒಂದು ಪ್ಯಾಲೆಟ್ಟಿನಿಂದ ಸದ್ದಿಲ್ಲದೆ ಇಳಿಯಲು ಬಂದ ಮೇಲೆಯೇ ಎರಡನೆಯದನ್ನು ಪೇರಿಸುತ್ತಾರೆ.

ಸ್ನಾಯುರಜ್ಜು ನಿಧಾನದ ಜೀವಿ. ಅದರಲ್ಲಿ ರಕ್ತದ ಓಡಾಟ ಕಡಿಮೆ, ಹಾಗಾಗಿ ಮಾಂಸಖಂಡ ಬೇಗ ಬಲಿಯುತ್ತದೆ, ರಜ್ಜು ಹಿಂದೆ ಉಳಿಯುತ್ತದೆ. ಹೊಸಬರು ಕೆಲವೇ ವಾರಗಳಲ್ಲಿ ಮೈಯಲ್ಲಿ ಕಸುವು ಬಂತೆಂದು ಎತ್ತರ ಹೆಚ್ಚಿಸಿ ನೋವು ತಂದುಕೊಳ್ಳುವುದು ಈ ಅಂತರದಲ್ಲೇ. ಹಗುರ ತೂಕವೊಂದನ್ನು ಹಿಡಿದು ಮಣಿಕಟ್ಟನ್ನು ಮೆಲ್ಲಗೆ ಇಳಿಸುವ ಅಭ್ಯಾಸ, ಜೋರಾಗಿ ಹಾರಿದ ದಿನದ ಮರುದಿನ ಬಿಡುವು, ಇವೆರಡೂ ರಜ್ಜುವಿಗೆ ಅದರ ಕಾಲವನ್ನು ಕೊಡುತ್ತವೆ. ಬಿದ್ದ ಮೇಲೆ ಕೈ ಪೂರ್ತಿ ನೀಡಲು ಬಾರದಿದ್ದರೆ, ಊದಿಕೊಂಡರೆ, ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದರೆ ಮಾತ್ರ ಮನೆಮದ್ದಿಗೆ ಕಾಯಬಾರದು, ವೈದ್ಯರಿಗೆ ತೋರಿಸಬೇಕು. ಮೊಣಕೈ ತಾಗಿದಾಗ ಜುಮ್ಮೆನ್ನಿಸುವ ನರ ಒಳಗಿನ ಗುಬುಟಿಯ ಹಿಂದೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾದು ಆ ಎರಡು ಬೆರಳುಗಳಿಗೇ ಹೋಗುತ್ತದೆ.

ಇಷ್ಟೆಲ್ಲ ಸೂಕ್ಷ್ಮ ಎಲ್ಲಿಂದ ಬಂತು? 2004ರಲ್ಲಿ ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ಒಂದು ಮೀನಿನ ಪಳೆಯುಳಿಕೆ ಸಿಕ್ಕಿತು. ಹೆಸರು ಟಿಕ್ಟಾಲಿಕ್, ವಯಸ್ಸು ಸುಮಾರು 37.5 ಕೋಟಿ ವರ್ಷ. 2006ರಲ್ಲಿ ನೀಲ್ ಶುಬಿನ್ ಮತ್ತು ಜೊತೆಗಾರರು ಅದನ್ನು ಲೋಕಕ್ಕೆ ತೋರಿಸಿದರು. ಅದರ ಈಜುರೆಕ್ಕೆಯೊಳಗೆ ನಮ್ಮಂತೆಯೇ ಮೊದಲು ಒಂದು ಮೂಳೆ, ನಂತರ ಎರಡು ಮೂಳೆ, ನಡುವೆ ಬಾಗುವ ಕೀಲು. ಆಳವಿಲ್ಲದ ನೀರಿನಲ್ಲಿ ಅದು ಆ ಕೀಲನ್ನು ಬಾಗಿಸಿ ನೆಲಕ್ಕೆ ಒತ್ತಿ ತನ್ನ ಮೈಯನ್ನು ಮೇಲೆತ್ತುತ್ತಿತ್ತು. ತುತ್ತು ಬಾಯಿಗೆ ಇಡುವುದಕ್ಕಿಂತ, ಬರೆಯುವುದಕ್ಕಿಂತ, ಮಗುವನ್ನು ಎತ್ತಿಕೊಳ್ಳುವುದಕ್ಕಿಂತ ಬಹಳ ಮೊದಲು ಮೊಣಕೈ ಕಲಿತ ಕೆಲಸ ನೆಲವನ್ನು ಎದುರುಗೊಂಡು ಮೈಭಾರ ಹೊರುವುದು. ಲೇಔಟಿನ ಹುಡುಗ ಪ್ಯಾಲೆಟ್ಟಿನಿಂದ ಇಳಿಯುವಾಗ ಆ ಹಳೆಯ ವಿದ್ಯೆಯನ್ನೇ ಹೊಸದಾಗಿ ಬಳಸುತ್ತಾನೆ. ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ, ಈ ಊರನ್ನೆಲ್ಲ ಹೊತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಮೊಣಕೈ ಎಳೆಯದೇ. ಆದರೂ ಇಷ್ಟು ಹಳೆಯ, ಇಷ್ಟು ಗಟ್ಟಿಯ ನೆಲದ ಜೊತೆ ಬಾಳಲು ಅದು ದಾರಿ ಕಂಡುಕೊಂಡಿದೆ: ನೆಲವನ್ನು ಬಗ್ಗಿಸಲಾಗದು, ತಾನು ಎಷ್ಟು, ಯಾವಾಗ ಬಗ್ಗಬೇಕೆಂಬುದನ್ನು ಕಲಿಯಬಹುದು.

ಈ ಬೆರಗು ಹಾರುವವರ ತೋಳಿನಲ್ಲಿ ಮಾತ್ರ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಪೀಣ್ಯದ ಪ್ರೆಸ್ ಶಾಪಿನಲ್ಲಿ ಲಿವರ್ ಎಳೆಯುವವರ, ಗ್ರೈಂಡರ್ ಹಿಡಿದು ನಿಲ್ಲುವವರ ಮೊಣಕೈಯೂ ಇದೇ. ವೈಟ್‌ಫೀಲ್ಡಿನಲ್ಲಿ ದಿನವಿಡೀ ಮಣಿಕಟ್ಟು ಮೇಲೆತ್ತಿ ಮೌಸ್ ಆಡಿಸುವವರ ಮೊಣಕೈಯೂ ಇದೇ. ಅದೇ ಗುಬುಟಿ, ಅದೇ ರಜ್ಜು, ಅದೇ ನೋವು. ಹಾರುವ ಹುಡುಗ ತನ್ನ ಎತ್ತರವನ್ನು ತಾನೇ ಆರಿಸುತ್ತಾನೆ, ಸಾಕೆನಿಸಿದಾಗ ಸೈಕಲ್ ಒರಗಿಸಿ ಕೂರುತ್ತಾನೆ. ಪ್ರೆಸ್ಸಿನ ಮುಂದೆ ನಿಂತವರಿಗೆ ಆ ಆಯ್ಕೆ ಇಲ್ಲ. ಅವರ ಕೈಗೆ ಸಿಗುವ ಬಿಡುವನ್ನು ಶಿಫ್ಟಿನ ಟಾರ್ಗೆಟ್ ತೀರ್ಮಾನಿಸುತ್ತದೆ, ಬೆಂಚಿನ ಎತ್ತರವನ್ನು ಅದನ್ನು ತಂದಿಟ್ಟವರು ತೀರ್ಮಾನಿಸಿರುತ್ತಾರೆ.

ಮೊಣಕೈ ಕೇಳುವುದು ಎರಡನ್ನು: ತಯಾರಾಗಲು ಹೊತ್ತು, ಬಾಗಲು ಜಾಗ. ಕೋಟ್ಯಂತರ ವರ್ಷ ಕಲಿತು ಬಂದ ವಿದ್ಯೆ ಇವೆರಡು ಸಿಕ್ಕರೆ ತಾನಾಗಿ ಕೆಲಸ ಮಾಡುತ್ತದೆ. ಸಿಗದಿದ್ದರೆ ಎಷ್ಟು ಗಟ್ಟಿ ತೋಳಾದರೂ ಸೋಲುತ್ತದೆ. ಸವಾರ ಇದನ್ನು ತನಗೆ ತಾನೇ ಕೊಟ್ಟುಕೊಳ್ಳಬೇಕು. ಯಂತ್ರದ ಮುಂದೆ ದುಡಿಯುವವರಿಗೆ ಇದನ್ನು ಕೊಡಬೇಕಾದವರು ಬೇರೆಯವರು. ಬೆಂಚನ್ನು ನಾಲ್ಕು ಇಂಚು ಏರಿಸುವುದು, ಸ್ಪ್ಯಾನರಿನ ಹಿಡಿಯನ್ನು ದಪ್ಪ ಮಾಡುವುದು, ಗಂಟೆಗೆ ಐದು ನಿಮಿಷ ಕೈ ಬಿಡಿಸಿಕೊಳ್ಳಲು ಬಿಡುವುದು ದೊಡ್ಡ ಕರುಣೆಯ ಮಾತೇನೂ ಅಲ್ಲ. ದೇಹವೆಂಬ ಈ ಅಪರೂಪದ ಸೃಷ್ಟಿಯನ್ನು ಕಂಡು ನಿಜಕ್ಕೂ ಬೆರಗಾದವರು ಮಾಡಲೇಬೇಕಾದ ಕನಿಷ್ಠ ಕೆಲಸ ಅದು.