ಸಮತೆಯ ಗದ್ದುಗೆಯ ಮೇಲೆ ಸಿರಿವಂತ

ಭದ್ರಾ ಬಲದಂಡೆ ನಾಲೆಯ ನೀರು ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟು ಮಲೆಬೆನ್ನೂರಿನ ಸೀಮೆಯನ್ನು ಮುಟ್ಟುವಷ್ಟರಲ್ಲಿ ಎಷ್ಟೋ ಊರುಗಳ ಗದ್ದೆ ತೋಟಗಳನ್ನು ತಣಿಸಿ ಬಂದಿರುತ್ತದೆ. ಮೇಲಿನವರು ಹದವರಿತು ಬಳಸಿದರೆ ಕೊನೆಯ ಭಾಗದ ರೈತನಿಗೂ ಭತ್ತ ಕೈಗೆ ಹತ್ತುತ್ತದೆ. ಇಲ್ಲವಾದರೆ ಒಣಗಿದ ಕಾಲುವೆಯೇ ಅವನ ಪಾಲು. ನಾಲೆ ಎಲ್ಲರದು, ನೀರು ಎಲ್ಲರದು, ಕಾಗದದ ಮೇಲಿನ ನಿಯಮವೂ ಎಲ್ಲರಿಗೂ ಒಂದೇ. ಆದರೂ ತೂಬಿನ ಬಳಿ ನಿಂತವರು ಯಾರು, ಅವರನ್ನು ಕೇಳುವ ಅಧಿಕಾರ ಯಾರಿಗಿದೆ ಎಂಬುದರ ಮೇಲೆಯೇ ಕೊನೆಯ ಗದ್ದೆಯ ಹಣೆಬರಹ ನಿಂತಿರುತ್ತದೆ. ಈ ಭಾಗದ ರೈತರಿಗೆ ಯಾರೂ ಬೋಧಿಸಬೇಕಾಗಿಲ್ಲದ ಈ ಸತ್ಯವನ್ನು ಎದುರಿಗಿಟ್ಟುಕೊಂಡು, ಲೋಕದ ಒಂದು ದೊಡ್ಡ ಪ್ರಶ್ನೆಯನ್ನು ವಿಚಾರಿಸೋಣ.

ದುಡಿಯುವವರ ಹೆಸರಿನಲ್ಲಿ ಹುಟ್ಟಿದ, ಒಡೆತನದ ದರ್ಪವನ್ನು ಅಳಿಸುವೆನೆಂದು ಪ್ರತಿಜ್ಞೆ ಮಾಡಿದ ಕಮ್ಯುನಿಸ್ಟ್ ಸರಕಾರದಲ್ಲಿಯೇ ಸಿರಿವಂತ ವ್ಯಾಪಾರಿಗಳು ಅಧಿಕಾರದ ಪಾಲುಗಾರರಾಗುವುದುಂಟು. ಇದನ್ನು ಕಂಡು ಕೆಲವರು ನಗುತ್ತಾರೆ, ಕೆಲವರು ಮೋಸವೆನ್ನುತ್ತಾರೆ, ಮತ್ತೆ ಕೆಲವರು ಹಣದ ಮುಂದೆ ಯಾವ ತತ್ತ್ವವೂ ನಿಲ್ಲದೆಂದು ಕೈಚೆಲ್ಲುತ್ತಾರೆ. ಈ ಮೂರೂ ಅವಸರದ ಮಾತುಗಳು. ನಡೆದುದೇನೆಂಬುದನ್ನು ಮೊದಲು ನೋಡೋಣ.

ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಜನ ಅದನ್ನು ಕೊಂಡಾಡಿದರು. ಚೀನದ ಶಾಂಘೈ ಪ್ರಾಂತದಲ್ಲಿಯೂ ಅಂಥದೇ ಒಂದು ಗಿರಣಿ ಮನೆತನವಿತ್ತು. ಹಿಟ್ಟಿನ ಗಿರಣಿ, ನೂಲಿನ ಗಿರಣಿಗಳಿಂದ ಬೆಳೆದ ಆ ಮನೆತನದ ರೋಂಗ್ ಯಿರೆನ್ ಎಂಬಾತ 1949ರ ಕ್ರಾಂತಿಯ ಸಮಯದಲ್ಲಿ ದೇಶ ಬಿಟ್ಟು ಓಡಲಿಲ್ಲ. 1956ರಲ್ಲಿ ತನ್ನ ಗಿರಣಿಗಳನ್ನು ಸರಕಾರದ ಜಂಟಿ ಒಡೆತನಕ್ಕೆ ಒಪ್ಪಿಸಿದ. ಮರುವರ್ಷವೇ ಶಾಂಘೈ ನಗರದ ಉಪಮೇಯರ್ ಆದ. 1959ರಲ್ಲಿ ಜವಳಿ ಖಾತೆಯ ಉಪಮಂತ್ರಿಯಾದ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅದೇ ಆಡಳಿತದ ಅನುಯಾಯಿಗಳು ಅವನನ್ನು ಅವಮಾನಿಸಿ ಹಿಂಸಿಸಿದರು. 1979ರಲ್ಲಿ ಡೆಂಗ್ ಶಿಯಾವೊಪಿಂಗ್ ಅವನನ್ನು ಮರಳಿ ಕರೆದು, ಹೊರದೇಶದ ಬಂಡವಾಳ ತರಲು ಸಿಟಿಕ್ ಎಂಬ ಸಂಸ್ಥೆಯನ್ನು ಕಟ್ಟಿಸಿದರು. 1993ರಿಂದ 1998ರವರೆಗೆ ಆತ ಚೀನದ ಉಪರಾಷ್ಟ್ರಾಧ್ಯಕ್ಷನಾಗಿದ್ದ. ‘ಕೆಂಪು ಬಂಡವಾಳಗಾರ’ ಎಂಬ ಬಿರುದು ಅವನ ಹೆಸರಿಗೆ ಅಂಟಿಕೊಂಡಿತು. 2005ರಲ್ಲಿ ಆತ ತೀರಿಕೊಂಡಾಗ ಅವನ ಮಗ ಆ ದೇಶದ ಅತ್ಯಂತ ಸಿರಿವಂತರ ಸಾಲಿನಲ್ಲಿದ್ದ.

ಒಬ್ಬ ಗಿರಣಿ ಮಾಲೀಕ ಕಾರ್ಮಿಕ ರಾಜ್ಯದ ಎರಡನೆಯ ಪೀಠವನ್ನೇರಿದ ಈ ಕಥೆ ಒಂಟಿಯಾಗಿ ಉಳಿಯಲಿಲ್ಲ. 2001ರ ಜುಲೈ 1ರಂದು ಪಕ್ಷದ ಎಂಬತ್ತನೆಯ ವರ್ಷದ ಭಾಷಣದಲ್ಲಿ ಜಿಯಾಂಗ್ ಜೆಮಿನ್ ಅವರು ಖಾಸಗಿ ಉದ್ಯಮಿಗಳಿಗೂ ಪಕ್ಷದ ಬಾಗಿಲು ತೆರೆಯಬೇಕೆಂದು ಸಾರಿದರು. ‘ಮೂರು ಪ್ರಾತಿನಿಧ್ಯ’ಗಳೆಂಬ ಅವರ ಸೂತ್ರ 2002ರಲ್ಲಿ ಪಕ್ಷದ ಸಂವಿಧಾನವನ್ನು ಸೇರಿತು. 2004ರಲ್ಲಿ ನ್ಯಾಯವಾಗಿ ಗಳಿಸಿದ ಖಾಸಗಿ ಸ್ವತ್ತಿಗೆ ದೇಶದ ಸಂವಿಧಾನವೇ ರಕ್ಷಣೆ ನೀಡಿತು. ಅಂದಿನಿಂದ ಕೋಟ್ಯಧೀಶರು ಆ ದೇಶದ ಮಹಾಸಭೆಗಳಲ್ಲಿ ಪ್ರತಿನಿಧಿಗಳಾಗಿ ಕುಳಿತಿದ್ದಾರೆ. ಇದರ ಜೊತೆಗೆ ಮತ್ತೊಂದು ಸಂಗತಿಯನ್ನು ಇಟ್ಟು ನೋಡಬೇಕು. 1982ರಲ್ಲಿ ರಚಿತವಾದ ಅದೇ ಸಂವಿಧಾನದಿಂದ ಕಾರ್ಮಿಕನ ಮುಷ್ಕರದ ಹಕ್ಕನ್ನು ತೆಗೆದುಹಾಕಲಾಗಿತ್ತು. ಸರಕಾರ ಒಪ್ಪಿದ ಸಂಘವನ್ನು ಬಿಟ್ಟು ಬೇರೆ ಸಂಘ ಕಟ್ಟುವ ಸ್ವಾತಂತ್ರ್ಯ ಅಲ್ಲಿನ ದುಡಿಮೆಗಾರನಿಗಿಲ್ಲ. ಯಾರ ಹೆಸರಿನಲ್ಲಿ ರಾಜ್ಯ ನಡೆಯುವುದೋ ಅವನ ಬಾಯಿಗೆ ಬೀಗ; ಯಾರ ವಿರುದ್ಧ ಆ ರಾಜ್ಯ ಹುಟ್ಟಿತೋ ಅವನಿಗೆ ಪೀಠ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೆ?

ಆದರೆ ಆ ಪೀಠವನ್ನೇರಿದ ಸಿರಿವಂತನಾದರೂ ನಿರ್ಭಯನೆ? ಅಲಿಬಾಬಾ ಸಂಸ್ಥೆಯ ಸ್ಥಾಪಕ ಜಾಕ್ ಮಾ ಕಮ್ಯುನಿಸ್ಟ್ ಪಕ್ಷದ ಸದಸ್ಯನೆಂಬುದನ್ನು 2018ರಲ್ಲಿ ಪಕ್ಷದ ಪತ್ರಿಕೆಯೇ ಪ್ರಕಟಿಸಿತು. 2020ರ ಅಕ್ಟೋಬರಿನಲ್ಲಿ ಆತ ಶಾಂಘೈಯ ಒಂದು ಸಭೆಯಲ್ಲಿ ದೇಶದ ಹಣಕಾಸಿನ ನಿಯಂತ್ರಣವನ್ನು ಟೀಕಿಸಿದ. ಕೆಲವೇ ದಿನಗಳಲ್ಲಿ ಅವನ ಆಂಟ್ ಸಂಸ್ಥೆಯ ಷೇರು ಮಾರಾಟ ತಡೆಯಲ್ಪಟ್ಟಿತು. ತಿಂಗಳುಗಟ್ಟಲೆ ಆತ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಪ್ರಶ್ನೆ ಕೇಳಲಾಗದ ಮನೆಯಲ್ಲಿ ಆಳಿಗೆ ಮಾತ್ರವಲ್ಲ, ಅತಿಥಿಗೂ ರಕ್ಷಣೆಯಿಲ್ಲ. ಕರೆದು ಕೂರಿಸಿದ ಕೈಯೇ ಎಬ್ಬಿಸಿ ಕಳಿಸಬಲ್ಲುದು. ಸಿರಿವಂತ ಅಲ್ಲಿ ಪಡೆದುದು ಅಧಿಕಾರವೆಂದು ತೋರಿದರೂ, ವಾಸ್ತವವಾಗಿ ಅದು ಅಪ್ಪಣೆಯ ಮೇಲೆ ನಿಂತ ಆಸನ.

ಇದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕಾಸರಗೋಡಿನ ಕನ್ನಡಿಗರು 1956ರ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿದರು. ಐದು ತಿಂಗಳು ಕಳೆಯುವಷ್ಟರಲ್ಲಿ, 1957ರ ಏಪ್ರಿಲ್ 5ರಂದು, ಇ. ಎಂ. ಎಸ್. ನಂಬೂದಿರಿಪಾಡರ ನಾಯಕತ್ವದಲ್ಲಿ ಅಲ್ಲಿ ಕಮ್ಯುನಿಸ್ಟ್ ಸರಕಾರ ಅಧಿಕಾರಕ್ಕೆ ಬಂದಿತು. ಗೇಣಿದಾರನಿಗೆ ಭೂಮಿಯ ಹಕ್ಕು ಕೊಡಿಸಲು ಹೊರಟ ಆ ಸರಕಾರವೇ ತನ್ನ ಅಲ್ಪಾವಧಿಯಲ್ಲಿ ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ ಸಂಸ್ಥೆಯನ್ನು ಕೋಳಿಕ್ಕೋಡು ಜಿಲ್ಲೆಯ ಮಾವೂರಿಗೆ ಆಹ್ವಾನಿಸಿ, ಕಾಡಿನ ಬಿದಿರನ್ನು ಅತ್ಯಲ್ಪ ದರಕ್ಕೆ ಒದಗಿಸಲು ಒಪ್ಪಿಕೊಂಡಿತು. ಇದರಲ್ಲಿ ದುರುದ್ದೇಶವನ್ನು ಹುಡುಕುವುದು ನ್ಯಾಯವಲ್ಲ. ಉದ್ಯೋಗವಿಲ್ಲದ ನಾಡಿಗೆ ಕಾರ್ಖಾನೆ ಬೇಕಾಗಿತ್ತು. ಕಾರ್ಖಾನೆಗೆ ಬಂಡವಾಳ ಬೇಕಾಗಿತ್ತು. ಬಂಡವಾಳ ಇದ್ದುದು ಸಿರಿವಂತನ ಕೈಯಲ್ಲಿ. ಸಿರಿವಂತ ಅಲ್ಲಿ ಮಂತ್ರಿಯಾಗಲಿಲ್ಲ ನಿಜ. ಆದರೆ ಕಾಡಿನ ಮೇಲೆ, ಹೊಳೆಯ ಮೇಲೆ ಅವನಿಗೆ ದೊರೆತ ಹಿಡಿತ ಎಷ್ಟೋ ಮಂತ್ರಿಗಳಿಗೂ ದೊರೆಯದಂಥದು.

ಫಲವೇನಾಯಿತು? ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು, ಇದನ್ನು ಮರೆಮಾಚಲಾಗದು. ಆದರೆ ಬಿದಿರು ಬರಿದಾಯಿತು, ಚಾಲಿಯಾರ್ ಹೊಳೆ ಕೆಟ್ಟಿತು. 1985ರಲ್ಲಿ ಕಾರ್ಖಾನೆ ಮುಚ್ಚಿ ವರ್ಷಗಳ ಕಾಲ ತೆರೆಯದಿದ್ದಾಗ ಕಾರ್ಮಿಕರ ಮನೆಗಳಲ್ಲಿ ಆತ್ಮಹತ್ಯೆಗಳು ನಡೆದವು. ಹೊಳೆಯ ಮಾಲಿನ್ಯದ ವಿರುದ್ಧ ಹೋರಾಡಿದ ವಾಳಕ್ಕಾಡು ಪಂಚಾಯಿತಿಯ ಅಧ್ಯಕ್ಷ ಕೆ. ಎ. ರಹಮಾನ್ 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2001ರಲ್ಲಿ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು. ಕೂಲಿಯ ಪ್ರಶ್ನೆ ಎತ್ತಿದವನಿಗೂ ನೀರಿನ ಪ್ರಶ್ನೆ ಎತ್ತಿದವನಿಗೂ ನಡುವೆ ಬಿರುಕು ಹುಟ್ಟಿದುದು ಈ ಕಥೆಯ ಅತ್ಯಂತ ದುಃಖದ ಭಾಗ. ಇಬ್ಬರೂ ಬಡವರೇ ಆಗಿದ್ದರು.

ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆಯನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಹರಿಹರದಲ್ಲಿ ಹೊಳೆ ದಾಟಿದರೆ ಆಚೆಯ ದಡದಲ್ಲಿ ಕುಮಾರಪಟ್ಟಣ. ಅಲ್ಲಿ ಹರಿಹರದ ಹೆಸರನ್ನೇ ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ತಲೆಯೆತ್ತಿತು. ಕರ್ನಾಟಕದಲ್ಲಿ ಕಮ್ಯುನಿಸ್ಟ್ ಸರಕಾರ ಎಂದೂ ಇರಲಿಲ್ಲ. ಆದರೂ 1984ರಲ್ಲಿ ನಮ್ಮ ಸರಕಾರ ಅದೇ ಕಾರ್ಖಾನೆಯ ಜೊತೆ ಪಾಲುಗೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಸಾವಿರಾರು ಎಕರೆ ಸರಕಾರಿ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ದನ ಮೇಯುವ, ಸೌದೆ ಆಯುವ ನೆಲವೆಂದು ಹಳ್ಳಿಗರು ಬಗೆದಿದ್ದ ಜಾಗ ಅದರಲ್ಲಿ ಸೇರಿತ್ತು. ಧ್ವಜ ಕೆಂಪಾಗಿದ್ದಲ್ಲಿಯೂ ಒಪ್ಪಂದ ಅಂಥದೇ, ಧ್ವಜ ಬೇರೆಯಾಗಿದ್ದಲ್ಲಿಯೂ ಅಂಥದೇ. ಸಿರಿವಂತನಿಗೆ ಅಧಿಕಾರದ ಬಾಗಿಲನ್ನು ತೆರೆಯುವುದು ಒಂದು ಸಿದ್ಧಾಂತವಲ್ಲ. ರಾಜ್ಯದ ಅವಶ್ಯಕತೆ, ಅದರ ಜೊತೆಗೆ ರಾಜ್ಯದ ಅವಸರ.

ವ್ಯತ್ಯಾಸವಾದುದು ಬೇರೆ ಕಡೆ. ಇಲ್ಲಿ ಕೇಳುವವರಿದ್ದರು. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗರನ್ನು ಕೂಡಿಸಿದರು. ಶಿವರಾಮ ಕಾರಂತರು ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿಯನ್ನು ಕಿತ್ತು, ಜನಕ್ಕೆ ಉಪಯೋಗವಾಗುವ ಗಿಡವನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಹೊಳೆಯ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ ನಿಜ; ಆದರೆ ಕೊನೆಯ ಗದ್ದೆಯವನು ತೂಬಿನ ಬಳಿಗೆ ಬಂದು ಕೈಹಿಡಿದು ಕೇಳಿದ, ತೂಬು ತಿರುಗಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ‘ಕೇಳುವವರು ಹೆಚ್ಚಾದರೆ ಕೆಲಸ ಕೊಡುವವರು ಇರುತ್ತಾರೆಯೆ?’ ದಾವಣಗೆರೆಯ ಜನ 1978, 1983, 1985ರ ಮೂರು ಚುನಾವಣೆಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿದರು. ಕಾರ್ಮಿಕರ ಪರವಾಗಿ ಕೇಳುವ ಕಂಠ ಅಲ್ಲಿತ್ತು. ಆದರೂ ಗಿರಣಿಗಳು ಒಂದೊಂದಾಗಿ ನಿಂತವು. ಯಂತ್ರಗಳು ಹಳತಾದವು, ಹೊಸ ಬಂಡವಾಳ ಬರಲಿಲ್ಲ, ಪೇಟೆಯ ರೀತಿ ಬದಲಾಯಿತು. ಕೇಳುವ ಹಕ್ಕೊಂದೇ ಗಿರಣಿಯ ಚಕ್ರವನ್ನು ತಿರುಗಿಸಲಾರದು. ಸಂಪತ್ತನ್ನು ಹುಟ್ಟಿಸುವವನ ಬುದ್ಧಿ, ಸಾಹಸ, ದುಡಿಮೆ ಸಮಾಜಕ್ಕೆ ಬೇಕು. ರಾಜನಹಳ್ಳಿ, ಚಿಗಟೇರಿ ಮನೆತನಗಳ ಹೆಸರು ಹೊತ್ತ ಛತ್ರವೂ ಆಸ್ಪತ್ರೆಯೂ ಆ ಊರಲ್ಲಿರುವಾಗ, ಸಿರಿವಂತನೆಂದರೆ ಸುಲಿಗೆಗಾರನೆಂದು ಹೇಳುವ ನಾಲಿಗೆ ಕೃತಘ್ನವಾದೀತು.

ಆದುದರಿಂದ ನಾವು ಬೇರ್ಪಡಿಸಬೇಕಾದುದು ಬಡವ ಸಿರಿವಂತರನ್ನಲ್ಲ, ಎರಡು ಹಕ್ಕುಗಳನ್ನು. ದುಡಿದು ಗಳಿಸಿದುದಕ್ಕೆ ಪ್ರತಿಫಲ ಪಡೆಯುವ ಹಕ್ಕು ಬೇರೆ. ಗಳಿಸಿದೆನೆಂಬ ಕಾರಣಕ್ಕೆ ಆಳುವ ಹಕ್ಕು ಬೇರೆ. ಮೊದಲನೆಯದನ್ನು ಯಾರಿಗೂ ನಿರಾಕರಿಸಲಾಗದು. ಎರಡನೆಯದು ಯಾರಿಗೂ ಇಲ್ಲ. ಸಿರಿವಂತನು ಆಳಬಾರದೆಂದಲ್ಲ, ಸಿರಿಯು ಅವನ ಆಳ್ವಿಕೆಗೆ ಅರ್ಹತೆಯಾಗಬಾರದು, ಲೆಕ್ಕ ಕೊಡುವುದರಿಂದ ವಿನಾಯಿತಿಯೂ ಆಗಬಾರದು. ಈ ವಿವೇಕ ನಮಗೆ ಹೊಸತಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಬೀಗದ ಕೈ ಬಸವಣ್ಣನವರಲ್ಲಿತ್ತು. ಅವರು ಅರಸನ ಹಣವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ದೂರು ಬಂದಾಗ, ಅವರು ತಮ್ಮ ಸ್ಥಾನವನ್ನು ಮುಂದೊಡ್ಡದೆ ಭಂಡಾರವನ್ನು ತೆರೆದು ಲೆಕ್ಕ ನೋಡಲು ಕೊಟ್ಟರೆಂದು ನಮ್ಮ ಪರಂಪರೆ ಹೇಳುತ್ತದೆ. ಬೀಗದ ಕೈ ಇದ್ದವನೇ ಬಾಗಿಲು ತೆರೆದು ನಿಲ್ಲುವುದು: ಸಂಪತ್ತು ಅಧಿಕಾರಗಳೆರಡೂ ಒಂದೆಡೆ ಕೂಡಿದಾಗ ಧರ್ಮವನ್ನು ಉಳಿಸುವ ದಾರಿ ಅದೊಂದೇ.

ನಮ್ಮ ಗಣರಾಜ್ಯದಲ್ಲಿ ಈ ದಾರಿ ಸುಗಮವಾಗಿಯೇನೂ ಇಲ್ಲ. ಅಭ್ಯರ್ಥಿಗಳು ತಮ್ಮ ಆಸ್ತಿಯ ವಿವರವನ್ನು ಮತದಾರರ ಮುಂದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಬೇಕಾಯಿತು. ಪಕ್ಷಗಳಿಗೆ ಹಣ ಕೊಟ್ಟವರ ಹೆಸರನ್ನು ಜನರಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡುಗಳನ್ನು ಅದೇ ನ್ಯಾಯಾಲಯ 2024ರ ಫೆಬ್ರವರಿ 15ರಂದು ಅಸಂವಿಧಾನಿಕವೆಂದು ಸಾರಿತು. ಆ ಪ್ರಕರಣದ ಅರ್ಜಿದಾರರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷವೂ ಒಂದಾಗಿತ್ತೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ. ಒಂದು ದೇಶದಲ್ಲಿ ಹಣಕ್ಕೆ ಪೀಠ ಹಾಕಿಕೊಟ್ಟ ಹೆಸರೇ ಇನ್ನೊಂದು ದೇಶದಲ್ಲಿ ಹಣದ ಗುಟ್ಟನ್ನು ಬಯಲಿಗೆಳೆಯಲು ನಿಂತಿತು. ಹೆಸರಲ್ಲಿ ಏನೂ ಇಲ್ಲ, ನಡೆಯಲ್ಲಿ ಎಲ್ಲ ಇದೆ.

ಹೀಗಿರುವಾಗ ಯಾವ ಸರಕಾರವನ್ನೇ ಆಗಲಿ ಅದರ ಬಣ್ಣದಿಂದ ಅಳೆಯುವುದನ್ನು ನಾವು ಬಿಡಬೇಕು. ಅಲ್ಲಿ ಯಾರು ಕುಳಿತಿದ್ದಾರೆಂಬುದು ಎರಡನೆಯ ಪ್ರಶ್ನೆ. ಕುಳಿತವನನ್ನು ಅತ್ಯಂತ ಕೆಳಗಿನವನು ನಿರ್ಭಯವಾಗಿ ಕೇಳಬಲ್ಲನೆ ಎಂಬುದು ಮೊದಲನೆಯದು. ನಾಲೆಯ ತಲೆಯಲ್ಲಿ ನಿಂತು ನೋಡಿದರೆ ಎಲ್ಲ ಆಡಳಿತವೂ ಸಮೃದ್ಧವಾಗಿಯೇ ಕಾಣುತ್ತದೆ. ಆಡಳಿತದ ಸತ್ಯ ತಿಳಿಯಬೇಕಾದರೆ ಕೊನೆಯ ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು. ಅಲ್ಲಿಗೆ ನೀರು ಬಂದಿದೆಯೆ? ಬಾರದಿದ್ದರೆ, ಏಕೆ ಬರಲಿಲ್ಲವೆಂದು ಕೇಳಿದವನು ಮಾರನೆಯ ದಿನವೂ ನೆಮ್ಮದಿಯಿಂದ ತನ್ನ ಗದ್ದೆಗೆ ಹೋಗಬಲ್ಲನೆ? ಈ ಎರಡು ಪ್ರಶ್ನೆಗಳಿಗೆ ಹೌದೆನ್ನಬಲ್ಲ ನಾಡಿನಲ್ಲಿ ಸಿರಿವಂತನೂ ನಿಶ್ಚಿಂತನಾಗಿರುತ್ತಾನೆ, ಬಡವನೂ ತಲೆಯೆತ್ತಿ ನಡೆಯುತ್ತಾನೆ.